ಕಾಯಕದ ಕೀಲು: ಮೊಣಕಾಲಿನ ರಚನೆ, ಕಾರ್ಯ ಮತ್ತು ಆರೈಕೆ

ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಯ ನೆಲೆಗೆ ಏರಿಸಿದಾಗ, ದುಡಿಯುವ ದೇಹಕ್ಕೂ ಅದರೊಡನೆಯೇ ಗೌರವ ಸಂದಿತು. ಆ ದೇಹವನ್ನು ನಿಲ್ಲಿಸುವ, ನಡೆಸುವ, ಕೂರಿಸುವ, ಏಳಿಸುವ ಹೊಣೆಯನ್ನು ಹೊತ್ತ ಕೀಲು ಮೊಣಕಾಲು. ಹೊಲದ ಬದುವಿನ ಮೇಲೆ ನಡೆಯುವಾಗ, ಮಠದ ಮೆಟ್ಟಿಲನ್ನು ಹತ್ತುವಾಗ, ಪ್ರಸಾದದ ಪಂಕ್ತಿಯಲ್ಲಿ ಕೂರುವಾಗ ಅದರ ನೆನಪು ನಮಗೆ ಬರುವುದಿಲ್ಲ. ನೋವು ಕಾಣಿಸಿಕೊಂಡ ದಿನವೇ ಅದರ ಬೆಲೆ ತಿಳಿಯುವುದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಐವತ್ತು ದಾಟಿದ ತಾಯಂದಿರನ್ನು, ಹಿರಿಯರನ್ನು ಮಾತನಾಡಿಸಿದರೆ ಕೇಳಿಬರುವ ಉತ್ತರ ಬಹುಮಟ್ಟಿಗೆ ಒಂದೇ: "ವಯಸ್ಸಾಯಿತಲ್ಲ, ಮಂಡಿ ಸವೆದಿದೆ. ಇನ್ನೇನು ಮಾಡುವುದು?" ಈ ಮಾತಿನಲ್ಲಿರುವ ನಿರಾಶೆಯು ಎರಡು ದಾರಿಗಳನ್ನು ಹಿಡಿಸುತ್ತದೆ. ಕೆಲವರು ಓಡಾಟವನ್ನೇ ಬಿಟ್ಟು ಕುಳಿತುಬಿಡುತ್ತಾರೆ. ಇನ್ನು ಕೆಲವರು ದಿನಕ್ಕೊಂದು ನೋವಿನ ಮಾತ್ರೆ ನುಂಗಿ ಎಂದಿನ ದುಡಿಮೆಯನ್ನೇ ಮುಂದುವರಿಸುತ್ತಾರೆ. ಎರಡರಿಂದಲೂ ಕೀಲಿಗೆ ಹಾನಿಯೇ. ಏಕೆಂದರೆ ಮೊಣಕಾಲನ್ನು ಗಾಡಿಯ ಅಚ್ಚಿನಂತೆ, ಬಳಸಿದಷ್ಟೂ ಸವೆಯುವ ವಸ್ತುವೆಂದು ನಾವು ಭಾವಿಸಿದ್ದೇವೆ. ಅದು ಜೀವವುಳ್ಳ ಅಂಗ. ಚಲನೆಯಿಂದಲೇ ತನ್ನ ಆಹಾರವನ್ನು ಪಡೆಯುವ ಅಂಗ. ಈ ಒಂದು ಸಂಗತಿಯನ್ನು ಮನಗಂಡರೆ ಆರೈಕೆಯ ದಾರಿಯು ತಾನಾಗಿ ತೆರೆದುಕೊಳ್ಳುತ್ತದೆ.

ಮೊಣಕಾಲಿನ ರಚನೆ

ನಮ್ಮ ದೇಹದ ಕೀಲುಗಳಲ್ಲೆಲ್ಲ ದೊಡ್ಡದು ಮೊಣಕಾಲು. ಇಲ್ಲಿ ಮೂರು ಮೂಳೆಗಳು ಸಂಧಿಸುತ್ತವೆ. ಮೇಲಿನಿಂದ ಇಳಿದುಬರುವ ತೊಡೆಮೂಳೆಯು ದೇಹದ ಅತ್ಯಂತ ಉದ್ದನೆಯ ಮೂಳೆ. ಅದರ ತುದಿ ಎರಡು ಗುಂಡನೆಯ ಉಬ್ಬುಗಳಾಗಿ ಅಗಲಗೊಂಡಿದೆ. ಕೆಳಗಿನಿಂದ ಅದನ್ನು ಹೊರುವುದು ಕಣಕಾಲಿನ ದೊಡ್ಡ ಮೂಳೆ. ಅದರ ತಲೆಯು ಬಹುತೇಕ ಸಮತಟ್ಟು. ಇವೆರಡರ ಮುಂದೆ, ಸ್ನಾಯುರಜ್ಜುವಿನೊಳಗೆ ಹುದುಗಿರುವ ಚಿಕ್ಕ ಮೂಳೆಯೇ ಮಂಡಿಚಿಪ್ಪು. ಕಣಕಾಲಿನ ಹೊರಬದಿಯಲ್ಲಿರುವ ಸಪೂರ ಮೂಳೆಯು ಈ ಕೀಲಿನಲ್ಲಿ ಭಾರ ಹೊರುವುದಿಲ್ಲ.

ಗುಂಡನೆಯ ತುದಿಯೊಂದು ಚಪ್ಪಟೆಯಾದ ತಳದ ಮೇಲೆ ಕುಳಿತರೆ ಅದು ಜಾರದೆ ನಿಲ್ಲುವುದು ಹೇಗೆ? ಸೊಂಟದ ಕೀಲಿನಲ್ಲಿ ಬಟ್ಟಲಿನೊಳಗೆ ಚೆಂಡು ಕುಳಿತಂತೆ ಮೂಳೆಗೆ ಮೂಳೆಯೇ ಆಸರೆ. ಮೊಣಕಾಲಿಗೆ ಆ ಅನುಕೂಲವಿಲ್ಲ. ಆದ್ದರಿಂದ ಅದರ ಭದ್ರತೆಯೆಲ್ಲ ಮೂಳೆಗಳನ್ನು ಸುತ್ತುವರಿದ ಮೃದು ಭಾಗಗಳನ್ನು ಅವಲಂಬಿಸಿದೆ.

ಅವುಗಳಲ್ಲಿ ಮೊದಲನೆಯವು ನಾಲ್ಕು ಅಸ್ಥಿರಜ್ಜುಗಳು. ಮೂಳೆಯನ್ನು ಮೂಳೆಗೆ ಕಟ್ಟುವ ಗಟ್ಟಿಯಾದ ಹಗ್ಗಗಳಿವು. ಎರಡು ರಜ್ಜುಗಳು ಒಳಬದಿ ಮತ್ತು ಹೊರಬದಿಯಲ್ಲಿ ನಿಂತು ಕಾಲು ಪಕ್ಕಕ್ಕೆ ವಾಲದಂತೆ ತಡೆಯುತ್ತವೆ. ಇನ್ನೆರಡು ಕೀಲಿನ ನಡುಭಾಗದಲ್ಲಿ ಒಂದನ್ನೊಂದು ಕತ್ತರಿಯಂತೆ ಹಾಯ್ದು, ಮೂಳೆಗಳು ಹಿಂದಕ್ಕೂ ಮುಂದಕ್ಕೂ ಜಾರದಂತೆ ಹಿಡಿಯುತ್ತವೆ. ಆಟವಾಡುವಾಗ ಹಠಾತ್ತನೆ ತಿರುಗಿದ ತರುಣರಲ್ಲಿ ಹರಿಯುವುದು ಹೆಚ್ಚಾಗಿ ಈ ನಡುವಿನ ಮುಂದಿನ ರಜ್ಜು.

ಎರಡನೆಯವು ಎರಡು ಮೆತ್ತೆಗಳು. ವೈದ್ಯರು ಮೆನಿಸ್ಕಸ್ ಎಂದು ಕರೆಯುವ ಇವು ಅರ್ಧಚಂದ್ರನ ಆಕಾರದಲ್ಲಿದ್ದು, ಗುಂಡನೆಯ ಮೂಳೆಗೂ ಚಪ್ಪಟೆಯಾದ ಮೂಳೆಗೂ ನಡುವಣ ಸಂದನ್ನು ತುಂಬುತ್ತವೆ. ಭಾರವು ಒಂದೇ ಬಿಂದುವಿನ ಮೇಲೆ ಬೀಳದೆ ಹರಡಿಕೊಳ್ಳುವುದು ಇವುಗಳಿಂದ. ಇವುಗಳ ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ. ಒಳ ಅಂಚಿಗೆ ರಕ್ತನಾಳಗಳಿಲ್ಲ. ಒಳ ಅಂಚು ಹರಿದರೆ ಕೂಡಿಕೊಳ್ಳುವುದು ಕಷ್ಟವಾಗುವುದು ಇದೇ ಕಾರಣಕ್ಕೆ.

ಮೂರನೆಯದು ಮೂಳೆಗಳ ತುದಿಯನ್ನು ಹೊದಿಸಿರುವ ನುಣುಪಾದ ಮೃದ್ವಸ್ಥಿ. ಬೆಣ್ಣೆ ಬಣ್ಣದ, ಹೊಳಪುಳ್ಳ ಈ ಪದರವು ಕೆಲವೇ ಮಿಲಿಮೀಟರ್ ದಪ್ಪ. ಮಂಡಿಚಿಪ್ಪಿನ ಹಿಂಬದಿಯಲ್ಲಿರುವುದಂತೂ ಇಡೀ ದೇಹದಲ್ಲೇ ದಪ್ಪನೆಯ ಮೃದ್ವಸ್ಥಿ. ಇಡೀ ಕೀಲನ್ನು ಒಂದು ಚೀಲ ಸುತ್ತುವರಿದಿದೆ. ಚೀಲದ ಒಳಪೊರೆಯಿಂದ ಜಿನುಗುವ ಕೀಲುದ್ರವವು ಮೊಟ್ಟೆಯ ಬಿಳಿಯ ಭಾಗದಂತೆ ಸ್ನಿಗ್ಧವಾದುದು. ಆರೋಗ್ಯವಂತರಲ್ಲಿ ಅದರ ಪ್ರಮಾಣ ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ಪೆಟ್ಟು ಬಿದ್ದಾಗ ಅಥವಾ ಉರಿಯೂತವಾದಾಗ ಇದೇ ದ್ರವ ಹೆಚ್ಚಿ ಮಂಡಿ ಊದಿಕೊಳ್ಳುತ್ತದೆ.

ಕೊನೆಯದು, ಆದರೆ ನಮ್ಮ ಕೈಯಲ್ಲಿರುವುದು, ಸ್ನಾಯುಬಲ. ತೊಡೆಯ ಮುಂಭಾಗದಲ್ಲಿ ನಾಲ್ಕು ತಲೆಗಳ ದೊಡ್ಡ ಸ್ನಾಯು ಇದೆ. ಅದು ಮಂಡಿಚಿಪ್ಪಿನ ಮೂಲಕ ಹಾದು ಕಣಕಾಲಿನ ಮೂಳೆಗೆ ಅಂಟಿಕೊಂಡಿದೆ. ಓದುಗರು ಇದನ್ನು ಈಗಲೇ ಪರೀಕ್ಷಿಸಿಕೊಳ್ಳಬಹುದು. ಕಾಲನ್ನು ನೇರವಾಗಿ ಚಾಚಿ ಸಡಿಲವಾಗಿ ಬಿಟ್ಟರೆ ಮಂಡಿಚಿಪ್ಪು ಬೆರಳಿನಿಂದ ಅತ್ತಿತ್ತ ಸರಿಯುತ್ತದೆ. ತೊಡೆಯನ್ನು ಬಿಗಿಗೊಳಿಸಿದೊಡನೆ ಅದು ಅಲುಗಾಡದೆ ನಿಲ್ಲುತ್ತದೆ. ಕೀಲಿಗೆ ಈ ಸ್ನಾಯು ನೀಡುವ ರಕ್ಷಣೆ ಎಷ್ಟೆಂಬುದು ಇದರಿಂದಲೇ ಅರಿವಾಗುತ್ತದೆ.

ಕೀಲಿನ ಕಾರ್ಯ

ಮೊಣಕಾಲು ಬಾಗಿಲಿನ ತಿರುಗಣಿಯಂತೆ ಮಡಚಿ ತೆರೆಯುವ ಕೀಲು ಎಂಬುದು ಅರ್ಧ ಸತ್ಯ. ಅದು ಮಡಚುವಾಗ ಮೂಳೆಯು ಉರುಳುತ್ತದೆ, ಜಾರುತ್ತದೆ, ತುಸು ತಿರುಗುತ್ತದೆ. ನಿಂತಿರುವಾಗ ಕಾಲು ಪೂರ್ತಿಯಾಗಿ ನೇರವಾಗುವ ಕೊನೆಯ ಹಂತದಲ್ಲಿ ತೊಡೆಮೂಳೆಯು ಕಣಕಾಲಿನ ಮೂಳೆಯ ಮೇಲೆ ಸ್ವಲ್ಪ ಒಳಮುಖವಾಗಿ ತಿರುಗಿ, ತಿರುಪುಮೊಳೆಯಂತೆ ಬಿಗಿಯಾಗುತ್ತದೆ. ಕೀಲಿಗೆ ಬೀಗ ಬಿದ್ದಂತಾಗಿ ತೊಡೆಯ ಸ್ನಾಯುವಿಗೆ ವಿಶ್ರಾಂತಿ ದೊರೆಯುತ್ತದೆ. ಗಂಟೆಗಟ್ಟಲೆ ನಿಂತು ಪ್ರವಚನ ಕೇಳಲು ಸಾಧ್ಯವಾಗುವುದು ಈ ಏರ್ಪಾಟಿನಿಂದ. ಮತ್ತೆ ಮಡಚಬೇಕಾದಾಗ ಮಂಡಿಯ ಹಿಂದಿರುವ ಪುಟ್ಟ ಸ್ನಾಯುವೊಂದು ಆ ಬೀಗವನ್ನು ತೆಗೆಯುತ್ತದೆ.

ಮಂಡಿಚಿಪ್ಪಿನ ಕೆಲಸ ಸನ್ನೆಗೋಲಿನದು. ತೊಡೆಯ ಸ್ನಾಯು ಎಳೆಯುವ ರೇಖೆಯನ್ನು ಅದು ಕೀಲಿನಿಂದ ಮುಂದಕ್ಕೆ ತಳ್ಳಿ ಹಿಡಿಯುವುದರಿಂದ ಕಡಿಮೆ ಬಲದಲ್ಲಿ ಹೆಚ್ಚು ಕೆಲಸವಾಗುತ್ತದೆ.

ಭಾರದ ಲೆಕ್ಕವನ್ನೂ ತಿಳಿಯಬೇಕು. ಸಮತಟ್ಟಾದ ನೆಲದ ಮೇಲೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ದೇಹದ ತೂಕದ 2ರಿಂದ 3 ಪಟ್ಟು ಒತ್ತಡ ಬೀಳುತ್ತದೆ. 60 ಕಿಲೋ ತೂಗುವವರಿಗೆ ಅದು 120ರಿಂದ 180 ಕಿಲೋ ಆಗುತ್ತದೆ. ಮೆಟ್ಟಿಲು ಹತ್ತಿ ಇಳಿಯುವಾಗ ಅದು ಇನ್ನೂ ಹೆಚ್ಚು. ಕುಕ್ಕರಗಾಲಿನಲ್ಲಿ ಕುಳಿತು ಏಳುವಾಗ ಮಂಡಿಚಿಪ್ಪಿನ ಹಿಂಬದಿಯ ಒತ್ತಡವು ದೇಹದ ತೂಕದ ಹಲವು ಪಟ್ಟಿಗೆ ಏರುತ್ತದೆ. ಮಂಡಿಸವೆತವಿದ್ದ ಸ್ಥೂಲಕಾಯದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೈತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುವುದೆಂದು ತೋರಿಸಿಕೊಟ್ಟಿತು. ದಿನಕ್ಕೆ ನಾವಿಡುವ ಸಾವಿರಾರು ಹೆಜ್ಜೆಗಳಿಗೆ ಇದನ್ನು ಗುಣಿಸಿ ನೋಡಿದರೆ, ಐದಾರು ಕಿಲೋ ತೂಕ ಇಳಿಸುವುದು ಎಂತಹ ಔಷಧವೆಂದು ತಿಳಿಯುತ್ತದೆ.

ಚಲನೆಯೇ ಆಹಾರ

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಹಾಗಾದರೆ ಅದಕ್ಕೆ ಆಹಾರ ಬರುವುದೆಲ್ಲಿಂದ? ಕೀಲುದ್ರವದಿಂದ. ನೀರಿನಲ್ಲಿ ನೆನೆದ ಸ್ಪಂಜನ್ನು ಅದುಮಿದಾಗ ನೀರು ಹೊರಬಂದು, ಬಿಟ್ಟಾಗ ಮತ್ತೆ ಒಳಸೇರುವಂತೆ, ಹೆಜ್ಜೆ ಊರಿದಾಗ ಮೃದ್ವಸ್ಥಿಯಿಂದ ದ್ರವ ಹೊರಬರುತ್ತದೆ. ಹೆಜ್ಜೆ ಎತ್ತಿದಾಗ ಪೋಷಕಾಂಶಗಳನ್ನು ಹೊತ್ತ ದ್ರವ ಒಳಸೇರುತ್ತದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರ ಮೃದ್ವಸ್ಥಿ ತೆಳುವಾಗುವುದು ಈ ಕಾರಣದಿಂದ. ನೋವಿಗೆ ಹೆದರಿ ಕುಳಿತವರಲ್ಲಿ ತೊಡೆಯ ಸ್ನಾಯುವೂ ಕರಗುತ್ತದೆ. ಸ್ನಾಯು ಕರಗಿದಷ್ಟೂ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಹೆಚ್ಚುತ್ತದೆ, ಮತ್ತಷ್ಟು ಕೂರುವಂತಾಗುತ್ತದೆ.

ಅದುಮುವುದರಷ್ಟೇ ಬಿಡುವುದೂ ಮುಖ್ಯ. ಮಂಡಿಯನ್ನು ಪೂರ್ತಿ ಮಡಚಿ, ಬಿಡುವಿಲ್ಲದೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ದುಡಿದರೆ ಸ್ಪಂಜನ್ನು ಅದುಮಿಯೇ ಹಿಡಿದಂತಾಗುತ್ತದೆ. ನಡೆಯುವ ಕಾಯಕ ಕೀಲನ್ನು ಪೋಷಿಸುತ್ತದೆ. ಅಲುಗಾಡದೆ ಮಡಚಿ ಕೂರುವ ಕಾಯಕ ಅದನ್ನು ದಣಿಸುತ್ತದೆ.

ನಮ್ಮ ದುಡಿಮೆ, ನಮ್ಮ ಮಂಡಿ

ಈ ದೃಷ್ಟಿಯಿಂದ ನಮ್ಮ ನಾಲ್ಕು ತಾಲ್ಲೂಕುಗಳ ದುಡಿಮೆಯನ್ನು ನೋಡೋಣ. ಚನ್ನಗಿರಿಯು ಅಡಿಕೆಯ ನಾಡು. ಸುಗ್ಗಿಯ ತಿಂಗಳುಗಳಲ್ಲಿ ಅಡಿಕೆ ಸುಲಿಯುವ ಕತ್ತಿಯ ಮುಂದೆ ನೆಲದ ಮೇಲೆ ಕುಳಿತ ತಾಯಂದಿರು ಬೆಳಗಿನಿಂದ ಸಂಜೆಯವರೆಗೆ ಏಳುವುದು ವಿರಳ. ಕೂಲಿಯು ಸುಲಿದ ಅಡಿಕೆಯ ಅಳತೆಯ ಮೇಲಿದ್ದರೆ, ಎದ್ದ ಹೊತ್ತೆಲ್ಲ ನಷ್ಟವೆಂದೇ ಅವರಿಗೆ ತೋರುತ್ತದೆ. ಅವರಿಗೆ ನಾವು ಹೇಳುವುದಿಷ್ಟೆ: ಗೇಣೆತ್ತರದ ಮಣೆಯನ್ನಾದರೂ ಹಾಕಿಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ಇಪ್ಪತ್ತು ಹೆಜ್ಜೆ ನಡೆಯಿರಿ. ಆ ಎರಡು ನಿಮಿಷಗಳ ಬಿಡುವನ್ನು ತೋಟದ ಯಜಮಾನರೇ ಮುಂದೆ ನಿಂತು ಕೊಡಿಸಬೇಕು. ದುಡಿಸಿಕೊಳ್ಳುವವರ ಹೊಣೆಯೂ ಕಾಯಕಧರ್ಮದಲ್ಲಿ ಸೇರಿದೆ.

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಭತ್ತದ ನಾಟಿಯ ಕಷ್ಟ ಬೇರೆ ಬಗೆಯದು. ಕೆಸರಿನಲ್ಲಿ ಪಾದ ಹೂತಿರುವಾಗ ಮೈಯನ್ನು ಪಕ್ಕಕ್ಕೆ ತಿರುಗಿಸಿದರೆ ಪಾದ ತಿರುಗುವುದಿಲ್ಲ. ಆ ತಿರುಚು ಪೂರ್ತಿಯಾಗಿ ಮಂಡಿಯ ಮೆತ್ತೆಯ ಮೇಲೆ ಬೀಳುತ್ತದೆ. ಮೊದಲು ಪಾದವನ್ನು ಕೆಸರಿನಿಂದ ಎತ್ತಿ, ಬಳಿಕ ಮೈ ತಿರುಗಿಸುವುದನ್ನು ರೂಢಿಸಿಕೊಂಡರೆ ಒಂದು ದೊಡ್ಡ ಅಪಾಯ ತಪ್ಪುತ್ತದೆ.

ಹೊನ್ನಾಳಿಯಿಂದ ಬೇರ್ಪಟ್ಟು ಹೊಸ ತಾಲ್ಲೂಕಾಗಿರುವ ನ್ಯಾಮತಿಯ ಮೆಕ್ಕೆಜೋಳದ ಹೊಲಗಳಲ್ಲಿ ಕುಕ್ಕರಗಾಲಿನಲ್ಲಿ ಸರಿಯುತ್ತ ಕಳೆ ತೆಗೆಯುವುದೂ, ತುಂಬಿದ ಚೀಲವನ್ನು ಹೊತ್ತು ನಡೆಯುವುದೂ ಮಂಡಿಗೆ ಭಾರವೇ. ಉದ್ದ ಹಿಡಿಯ ಸಲಕರಣೆಯಿಂದ ನಿಂತು ಕಳೆ ತೆಗೆಯಬಹುದು. ಒಬ್ಬರೇ ಹೊರುವ ಚೀಲವನ್ನು ಇಬ್ಬರು ಹಿಡಿದರೆ ಹೊರೆ ಅರ್ಧವಾಗುತ್ತದೆ.

ಜಗಳೂರಿನದು ಬಯಲುಸೀಮೆಯ ಒಣಬೇಸಾಯ. ಅಲ್ಲಿ ಮೊಣಕಾಲಿನ ತೊಂದರೆಗೆ ದುಡಿಮೆಯ ಜೊತೆಗೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಅದು ನೀರು.

ಜಗಳೂರಿನ ನೀರು ಮತ್ತು ಮಕ್ಕಳ ಕಾಲು

ಜಗಳೂರು ತಾಲ್ಲೂಕಿನ ಅನೇಕ ಗ್ರಾಮಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ ಕೊನೆಯ ಮಿತಿ. ಅದಕ್ಕಿಂತ ಹೆಚ್ಚಿನ ಪ್ರಮಾಣವನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾದರೆ ಫ್ಲೋರೈಡ್ ಮೂಳೆಗಳಲ್ಲಿ ಸೇರಿಕೊಳ್ಳುತ್ತದೆ, ಅಸ್ಥಿರಜ್ಜುಗಳಲ್ಲಿ ಸುಣ್ಣ ಕಟ್ಟುತ್ತದೆ. ಬೆನ್ನು, ಸೊಂಟ, ಮಂಡಿಗಳು ಬಿಗಿಯುತ್ತವೆ.

ಮೊಣಕಾಲಿಗೂ ಇದಕ್ಕೂ ಇರುವ ನಂಟು ವಿಶೇಷವಾದುದು. ಮಗುವಿನ ಕಾಲು ಉದ್ದವಾಗುವುದು ಬಹುಪಾಲು ಮಂಡಿಯ ಮೇಲೆ, ಕೆಳಗೆ ಇರುವ ಬೆಳವಣಿಗೆಯ ಪದರಗಳಲ್ಲಿ. ಬೆಳೆಯುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾಗಿ, ಕ್ಯಾಲ್ಸಿಯಂ ಕಡಿಮೆಯಾದರೆ ಅಲ್ಲಿನ ಮೂಳೆ ಮೆತ್ತಗಾಗಿ, ನಿಂತಾಗ ಎರಡು ಮಂಡಿಗಳೂ ಒಳಕ್ಕೆ ವಾಲಿ ಒಂದಕ್ಕೊಂದು ತಾಗುವ ಸಂಭವವಿದೆ. ನಮ್ಮ ದೇಶದಲ್ಲಿ ಮೂಳೆಗಳ ಫ್ಲೋರೋಸಿಸ್ ಕುರಿತು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ಫ್ಲೋರೈಡ್ ಪೀಡಿತ ಪ್ರದೇಶಗಳಲ್ಲಿ ಮಂಡಿಗಳು ಒಳಕ್ಕೆ ವಾಲುವ ಈ ತೊಂದರೆಯನ್ನು ಪ್ರತ್ಯೇಕವಾಗಿ ಗುರುತಿಸಿದರು.

ತಂದೆತಾಯಿಗಳು ವೃಥಾ ಗಾಬರಿಗೊಳ್ಳಬಾರದೆಂದು ಒಂದು ಮಾತು. ಎರಡು ವರ್ಷದೊಳಗಿನ ಮಕ್ಕಳ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿರುವುದೂ, ಮೂರು ನಾಲ್ಕು ವರ್ಷದಲ್ಲಿ ಒಳಕ್ಕೆ ವಾಲಿರುವುದೂ ಸಹಜ. ಏಳು ವರ್ಷದ ಹೊತ್ತಿಗೆ ಅದು ತಾನಾಗಿ ಸರಿಯಾಗುತ್ತದೆ. ಅನಂತರವೂ ವಾಲು ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ, ಹಲ್ಲಿನ ಮೇಲೆ ಕಲೆಗಳೂ ಇದ್ದರೆ ಮೂಳೆ ವೈದ್ಯರಿಗೆ ತೋರಿಸಲು ತಡ ಮಾಡಬಾರದು.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಗ್ರಾಮದ ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರ ತಂದು, ಅಡಿಗೆಗೆ ಕೊಳವೆಬಾವಿಯ ನೀರನ್ನೇ ಬಳಸುವ ರೂಢಿ ಹಲವು ಮನೆಗಳಲ್ಲಿದೆ. ಅನ್ನ, ಸಾರು, ಮುದ್ದೆಗೂ ಶುದ್ಧ ನೀರನ್ನೇ ಬಳಸಬೇಕು. ಮಳೆಯ ನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. ಸ್ವಚ್ಛವಾದ ಚಾವಣಿಯಿಂದ ಸಂಗ್ರಹಿಸಿ, ಸೋಸಿ, ಕುದಿಸಿ ಕುಡಿಯಬಹುದು. ಮಕ್ಕಳಿಗೆ ಹಾಲು, ಮೊಸರು, ಸೊಪ್ಪು, ರಾಗಿ ತಪ್ಪದಿರಲಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ತುಂಗಭದ್ರೆಯ ನೀರನ್ನು ಜಗಳೂರಿನ 57 ಕೆರೆಗಳಿಗೆ ಹರಿಸುವ ಯೋಜನೆಗಾಗಿ ಸಿರಿಗೆರೆಯ ತರಳಬಾಳು ಜಗದ್ಗುರುಗಳವರು ಪಟ್ಟ ಶ್ರಮ ನಾಡಿಗೆ ತಿಳಿದಿದೆ. ಕೆರೆ ತುಂಬಿದರೆ ಬೆಳೆಗೆ ನೀರಾಗುವುದಷ್ಟೇ ಅಲ್ಲದೆ ಆಳದ ಕೊಳವೆಬಾವಿಗಳ ಮೇಲಿನ ಅವಲಂಬನೆಯೂ ತಗ್ಗುತ್ತದೆ. ಅಲ್ಲಿಯವರೆಗೆ ತಮ್ಮೂರಿನ ನೀರನ್ನು ಪರೀಕ್ಷೆ ಮಾಡಿಸಿ ಫಲಿತಾಂಶ ತಿಳಿಸುವಂತೆ ಗ್ರಾಮ ಪಂಚಾಯಿತಿಯನ್ನು ಕೇಳುವುದು ಪ್ರತಿಯೊಬ್ಬರ ಹಕ್ಕು.

ಆರೈಕೆಯ ಕ್ರಮ

ಮಂಡಿಸವೆತದ ಆರಂಭದ ಹಂತದಲ್ಲಿರುವವರು ಮನೆಯಲ್ಲೇ ಮಾಡಬಹುದಾದ ಮೂರು ಅಭ್ಯಾಸಗಳಿವೆ. ಮೊದಲನೆಯದಾಗಿ, ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ಲನ್ನಿಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಪ್ರತಿ ಕಾಲಿಗೂ ಹತ್ತು ಬಾರಿ. ಎರಡನೆಯದಾಗಿ, ಅಂಗಾತ ಮಲಗಿ ಒಂದು ಕಾಲನ್ನು ಮಡಚಿ, ಇನ್ನೊಂದನ್ನು ನೇರವಾಗಿಯೇ ಗೇಣೆರಡರಷ್ಟು ಎತ್ತಿ ಐದು ಎಣಿಸಿ ಇಳಿಸಬೇಕು. ಮೂರನೆಯದಾಗಿ, ಗಟ್ಟಿಯಾದ ಕುರ್ಚಿಯಿಂದ ಸಾಧ್ಯವಾದಷ್ಟು ಕೈಯ ಆಸರೆಯಿಲ್ಲದೆ ನಿಧಾನವಾಗಿ ಎದ್ದು ಕೂರಬೇಕು. ಬೆಳಿಗ್ಗೆ, ಸಂಜೆ ಮಾಡಿದರೆ ಆರರಿಂದ ಎಂಟು ವಾರಗಳಲ್ಲಿ ತೊಡೆಗೆ ಬಲ ಬಂದುದು ಅನುಭವಕ್ಕೆ ಬರುತ್ತದೆ. ಇದರ ಜೊತೆಗೆ ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆಯ ನಡಿಗೆ ಇರಲಿ. ಅಭ್ಯಾಸದ ವೇಳೆ ತುಸು ನೋವಾದರೆ ಅಂಜಬೇಕಿಲ್ಲ. ಮರುದಿನವೂ ನೋವು ಹೆಚ್ಚಾಗಿಯೇ ಉಳಿದಿದ್ದರೆ ಪ್ರಮಾಣವನ್ನು ಕಡಿಮೆ ಮಾಡಬೇಕು.

ಊರುಗೋಲನ್ನು ನೋವಿರುವ ಕಾಲಿನ ಕಡೆಗೆ ಹಿಡಿಯುವುದು ಸಾಮಾನ್ಯ. ಎದುರು ಕೈಯಲ್ಲಿ ಹಿಡಿದರೆ ಮಾತ್ರ ಮಂಡಿಯ ಭಾರ ಇಳಿಯುತ್ತದೆ. ಶೌಚಾಲಯದಲ್ಲಿ ಕುರ್ಚಿಯಂತಹ ಆಸನವಿದ್ದರೆ ಕುಕ್ಕರಗಾಲಿನ ಶ್ರಮ ತಪ್ಪುತ್ತದೆ. ಇಷ್ಟಲಿಂಗ ಪೂಜೆಗೆ ಪದ್ಮಾಸನದಲ್ಲಿ ಕೂರಲಾಗದೆಂದು ಮರುಗುವ ಹಿರಿಯರೂ ಉಂಟು. ಪೂಜೆಯಲ್ಲಿ ಪ್ರಧಾನವಾದುದು ಮನಸ್ಸಿನ ಏಕಾಗ್ರತೆ. ಕುರ್ಚಿಯಲ್ಲಿ ಬೆನ್ನು ನೇರವಾಗಿರಿಸಿ ಕುಳಿತು ಮಾಡಿದ ಪೂಜೆಗೆ ಯಾವ ಕೊರತೆಯೂ ಇಲ್ಲವೆಂದು ನಾವು ಭಾವಿಸುತ್ತೇವೆ. ದಾಸೋಹದ ಪಂಕ್ತಿಯಲ್ಲಿಯೂ ಅಂಥವರಿಗಾಗಿ ಮೇಜು ಕುರ್ಚಿಗಳ ಒಂದು ಸಾಲನ್ನು ಇರಿಸುವುದು ಒಳ್ಳೆಯದು.

ವೈದ್ಯರನ್ನು ಕಾಣಬೇಕಾದಾಗ

ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ಊತದೊಡನೆ ಕೆಂಪು, ಬಿಸಿ, ಜ್ವರಗಳಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಕೀಲಿನೊಳಗೆ ಕೀವಾಗಿದ್ದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿ ನಾಶವಾಗುತ್ತದೆ. ಬೆಳಗಿನ ಬಿಗಿತವು ಗಂಟೆಗಿಂತ ಹೆಚ್ಚು ಕಾಲ ಇದ್ದು, ಬೆರಳುಗಳ ಕೀಲುಗಳೂ ಊದುತ್ತಿದ್ದರೆ ಅದು ಸವೆತಕ್ಕಿಂತ ಭಿನ್ನವಾದ ವಾತರೋಗವಿರಬಹುದು. ಅದಕ್ಕೆ ಬೇರೆಯೇ ಔಷಧಗಳಿವೆ.

ಹೆಸರಿಲ್ಲದ ಪುಡಿ, ಮಾತ್ರೆ, "ಒಂದೇ ಇಂಜೆಕ್ಷನ್ನಿಗೆ ಗುಣ" ಎಂಬ ಮಾತುಗಳಿಂದ ದೂರವಿರಬೇಕು. ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಅದು ನೋವನ್ನು ತಕ್ಷಣ ಅಡಗಿಸಿದರೂ, ಬಹುಕಾಲ ಸೇವಿಸಿದರೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಉಲ್ಬಣಿಸುತ್ತದೆ, ಮೂಳೆ ಟೊಳ್ಳಾಗುತ್ತದೆ. ನೋವು ನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳು ಹಾಳಾಗಬಹುದು.

ಅಭ್ಯಾಸ, ತೂಕ ಇಳಿಕೆ, ಔಷಧ ಯಾವುದರಿಂದಲೂ ನೋವು ತಗ್ಗದೆ, ರಾತ್ರಿ ನಿದ್ದೆ ಕೆಟ್ಟು, ಮನೆಯೊಳಗಿನ ಓಡಾಟವೂ ದುಸ್ತರವಾದಾಗ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ. ಸವೆದ ಮೇಲ್ಮೈಯನ್ನು ತೆಗೆದು ಲೋಹದ ಹೊದಿಕೆಯನ್ನೂ ನಡುವೆ ಪ್ಲಾಸ್ಟಿಕ್ ಮೆತ್ತೆಯನ್ನೂ ಕೂರಿಸಲಾಗುತ್ತದೆ. ಬಹುಪಾಲು ಜನರಲ್ಲಿ ಅದು 15ರಿಂದ 20 ವರ್ಷ ಬಾಳುತ್ತದೆ. ಅದಕ್ಕೆ ಹೆದರಬೇಕಿಲ್ಲ, ಅವಸರವೂ ಬೇಡ. ಶಸ್ತ್ರಚಿಕಿತ್ಸೆಯಾದ ಮೇಲೂ ತೊಡೆಯ ಅಭ್ಯಾಸವನ್ನು ಮಾಡಲೇಬೇಕು. ಹಾಗಿರುವಾಗ ಅದನ್ನು ಇಂದೇ ಆರಂಭಿಸುವುದು ಜಾಣತನ.

ಆದ್ದರಿಂದ ಮನೆಯಲ್ಲಿ ಅಮ್ಮನೋ ಅಜ್ಜನೋ ಗೋಡೆ ಹಿಡಿದು ಏಳುವುದನ್ನು ಕಂಡಾಗ "ವಯಸ್ಸಾಯಿತು" ಎಂದು ಸುಮ್ಮನಾಗುವುದು ಬೇಡ. ಒಂದು ಕುರ್ಚಿ, ಒಂದು ಊರುಗೋಲು, ದಿನಕ್ಕೆ ಇಪ್ಪತ್ತು ನಿಮಿಷಗಳ ಅಭ್ಯಾಸ ಮತ್ತು ಜೊತೆಗೆ ನಡೆಯುವ ಒಬ್ಬರು: ಇಷ್ಟನ್ನು ಒದಗಿಸುವುದು ಎಲ್ಲ ಮನೆಗಳಿಂದಲೂ ಆಗುವ ಸೇವೆ. ಜೀವಮಾನವಿಡೀ ನಮಗಾಗಿ ದುಡಿದ ಕಾಲುಗಳಿಗೆ ಅಷ್ಟಾದರೂ ಸಲ್ಲಬೇಕು.